ಕ್ಯಾಮೆರಾದ ಎಡಕ್ಕೆ, ಕೆಳಗೆ

ಒಂಬತ್ತು ವರ್ಷ ನಾನು ಮಾಡಿದ ಕೆಲಸ ಇಷ್ಟೇ: ಬೇರೆಯವರು ಆಡಬೇಕಾದ ಮಾತನ್ನು ಅವರಿಗಿಂತ ಅರೆಕ್ಷಣ ಮೊದಲು ಆಡುವುದು. ಬೆಂಗಳೂರಿನ ಸೀರಿಯಲ್ ಸೆಟ್‌ಗಳಲ್ಲಿ ಇದಕ್ಕೆ ಪ್ರಾಂಪ್ಟಿಂಗ್ ಅನ್ನುತ್ತಾರೆ. ಟೈಟಲ್ ಕಾರ್ಡಿನಲ್ಲಿ ನಾನು ಸಹಾಯಕ ನಿರ್ದೇಶಕಿ. ನಿಜದಲ್ಲಿ ಕ್ಯಾಮೆರಾದ ಎಡಕ್ಕೆ, ಕೆಳಗೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಒಂದು ದನಿ. ಸೀನು ಬರೆಯುವವರು ಬೇರೆಲ್ಲೋ ಕೂತು ಬರೆದು ಕಳಿಸುವಷ್ಟರಲ್ಲಿ ಇಲ್ಲಿ ಲೈಟು ಹಾಕಿ ಆಗಿರುತ್ತಿತ್ತು. ಬಾಯಿಪಾಠ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಹಾಗಾಗಿ “ಅತ್ತೆ, ನಿಮ್ಮ ಮಗ ನಿನ್ನೆಯಿಂದ ಊಟ ಮಾಡಿಲ್ಲ” ಎಂಬುದನ್ನು ನಾನು ದಿನಸಿ ಚೀಟಿ ಓದಿದ ಹಾಗೆ ಓದುತ್ತಿದ್ದೆ, ಮೇಲೆ ನಿಂತ ಸೊಸೆ ಅದನ್ನೇ ಕಣ್ಣೀರು ಹಾಕಿ ಹೇಳುತ್ತಿದ್ದಳು. ಆಮೇಲೆ ಡಬ್ಬಿಂಗ್ ಮಾಡುವಾಗ ನನ್ನ ದನಿ ಅಳಿಸಿ ಹೋಗುತ್ತಿತ್ತು.

ಇದನ್ನು ಕೇಳಿ ನಗುವವರಿದ್ದಾರೆ. ನಗಲಿ. ಇದೂ ಒಂದು ಕಸುಬು. ಮಾತು ಮಾತ್ರ ಕೊಡಬೇಕು, ಭಾವ ಕೊಡಬಾರದು. ಭಾವ ಬೆರೆಸಿದರೆ ನಟಿ ನಮ್ಮನ್ನೇ ನಕಲು ಮಾಡುತ್ತಾಳೆ. ಅಳುವ ಸೀನಿನಲ್ಲಿ ಮೂರು ಮೂರು ಪದಕ್ಕೆ ಮುರಿಯಬೇಕು, ಬೈಯುವ ಸೀನಿನಲ್ಲಿ ಇಡೀ ಸಾಲನ್ನು ಒಮ್ಮೆಲೇ ಎಸೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಟಿ ನಿಂತಳು ಅನ್ನಿಸುವ ಮೊದಲೇ ಮುಂದಿನ ಮಾತು ಅವಳ ಕಿವಿಗೆ ಬಿದ್ದಿರಬೇಕು. ನನ್ನ ಸೆಟ್‌ನಲ್ಲಿ ಯಾರೂ ತಡವರಿಸಿದ್ದಿಲ್ಲ. ಇದನ್ನು ಇವತ್ತಿಗೂ ಜಂಭದಿಂದಲೇ ಹೇಳುತ್ತೇನೆ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಲಿತ ಗುಣವೂ ಹಾಗೆಯೇ. ಗಂಡ “ಇವತ್ತು ಆಫೀಸಲ್ಲಿ…” ಎಂದು ಬಾಯಿ ತೆರೆದರೆ “ಮೀಟಿಂಗ್ ಲೇಟಾಯ್ತು” ಎಂದು ನಾನೇ ಮುಗಿಸಿರುತ್ತೇನೆ. ಅವರು ಬೆಂಗಳೂರಿನವರು, ಸಾಧು ಪ್ರಾಣಿ. “ನಂಗೆ ಬಾಯಿ ಯಾಕೆ ಕೊಟ್ಟೆ ಅಂತ ದೇವ್ರನ್ನ ಕೇಳ್ಬೇಕು” ಅಂದು ಸುಮ್ಮನಾಗುತ್ತಾರೆ. ಮಗಳು ಸುಮ್ಮನಾಗುವವಳಲ್ಲ. “ಮಮ್, ಲೆಟ್ ಮಿ ಫಿನಿಶ್!” ಎಂದು ಬಾಗಿಲು ಬಡಿಯುತ್ತಾಳೆ. ನಾನು ಉಡುಪಿ ಕಡೆಯವಳು, ಮೂಗಿನ ತುದಿಯಲ್ಲೇ ಕೋಪ. ಬಾಗಿಲು ಬಡಿದದ್ದಕ್ಕೆ ತುಳುವಿನಲ್ಲಿ ಬೈಯುತ್ತೇನೆ, ಅವಳಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಿಂದ.

ಗಂಡನ ಕೆಲಸದ ಬೆನ್ನು ಹಿಡಿದು ಸಿಡ್ನಿಗೆ ಬಂದು ಗಿರಾವೀನ್‌ನಲ್ಲಿ ಒಂದು ಯೂನಿಟ್, ಅಂದರೆ ಫ್ಲ್ಯಾಟು, ರೆಂಟ್‌ಗೆ ಹಿಡಿದಾಗ, ಈ ದೇಶದಲ್ಲಿ ಪ್ರಾಂಪ್ಟರ್ ಯಾರಿಗೂ ಬೇಕಿಲ್ಲ ಎಂದು ತಿಳಿಯಿತು. ಒಂದು ಕೋರ್ಸ್ ಮಾಡಿ ಏಜ್ಡ್ ಕೇರ್ ಸೇರಿದೆ. ವಯಸ್ಸಾದವರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಉಣಿಸುವುದು ನನ್ನ ಪಾಲಿನ ಕೆಲಸ. ಅಲ್ಲಿ ಒಂದು ಬೆಳಿಗ್ಗೆ ಹೊಸಬರೊಬ್ಬರು ಕಾರಿಡಾರಿನಲ್ಲಿ ಟೀ ಟ್ರಾಲಿ ತಳ್ಳಿಕೊಂಡು ಬಂದರು. ಬಾಂಗ್ಲಾದೇಶದ ಒಬ್ಬ ನರ್ಸ್ ಅವರನ್ನು ನೋಡಿ, ಮಾತ್ರೆಗಳ ಟ್ರೇಯನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತುಬಿಟ್ಟಳು.

“ಅವರು ಯಾರು ಗೊತ್ತಾ ನಿಂಗೆ?” ಎಂದು ನನ್ನ ತೋಳು ಹಿಂಡಿದಳು. “ನಮ್ಮನೇಲಿ ಈದ್ ಅಂದ್ರೆ ಟೀವಿಲಿ ಅವರ ನಾಟಕ. ಅವರು ಅತ್ತರೆ, ಒಲೆ ಮೇಲೆ ಶಾವಿಗೆ ಸೀದು ಹೋದ್ರೂ ನಮ್ಮಮ್ಮ ಏಳ್ತಿರಲಿಲ್ಲ.”

ಹೊಸಬರು ಏಪ್ರನ್‌ಗೆ ಕೈ ಒರೆಸಿಕೊಂಡು ತುಟಿಯ ಮೇಲೆ ಬೆರಳಿಟ್ಟರು. “ಇಲ್ಲಿ ಬೇಡಮ್ಮ. ಹನ್ನೆರಡನೇ ರೂಮಿನ ಅಜ್ಜನ ಟೀ ಆರಿ ಹೋಗುತ್ತೆ” ಅಂದು ಟ್ರಾಲಿ ತಳ್ಳಿದರು.

ಹಾಗೆ ನನಗೆ ಆಪಾ ಸಿಕ್ಕರು. ಆಪಾ ಎಂದರೆ ಅವರಲ್ಲಿ ಅಕ್ಕ. ನನಗಿಂತ ಆರು ವರ್ಷ ದೊಡ್ಡವರು. ನನ್ನನ್ನು ಅವರು ಬೋನ್ ಅನ್ನುತ್ತಿದ್ದರು, ತಂಗಿ ಎಂದು. ನಮ್ಮಿಬ್ಬರ ಮಾತು ಹಿಂದಿಯಲ್ಲಿ ನಡೆಯುತ್ತಿತ್ತು. ಅವರದು ಟೀವಿ ನೋಡಿ ಕಲಿತ ಹಿಂದಿ, ನನ್ನದು ಶಾಲೆಯಲ್ಲಿ ಪೆಟ್ಟು ತಿಂದು ಕಲಿತದ್ದು. ಇಲ್ಲಿ ಎರಡನ್ನೂ ಕನ್ನಡಕ್ಕೆ ತಂದಿದ್ದೇನೆ.

ಅವರ ಕತೆಯನ್ನು ನಾನು ಲಂಚ್ ಬ್ರೇಕಿನ ಅರ್ಧರ್ಧ ಗಂಟೆಗಳಲ್ಲಿ ಕೇಳಿದೆ. ಢಾಕಾದ ಒಂದು ಸ್ಟುಡಿಯೋದಲ್ಲಿ ಅವರ ಚಿಕ್ಕಮ್ಮ ಬಟ್ಟೆ ಹೊಲಿಯುತ್ತಿದ್ದರು. ಹದಿನಾರರ ಇವರು ಚಿಕ್ಕಮ್ಮನಿಗೆ ಊಟದ ಡಬ್ಬಿ ಕೊಡಲು ಹೋದ ದಿನ, ಹೀರೋನ ತಂಗಿಯ ಪಾತ್ರದವಳು ಜ್ವರವೆಂದು ಬಂದಿರಲಿಲ್ಲ. ಅವಳಿಗೆಂದು ಹೊಲಿದಿಟ್ಟ ಬ್ಲೌಸು ಇವರಿಗೆ ಸರಿಹೋಯಿತು. “ನನ್ನನ್ನ ಆರಿಸಿದ್ದು ಡೈರೆಕ್ಟರ್ ಅಲ್ಲ, ಆ ಬ್ಲೌಸು” ಅನ್ನುತ್ತಿದ್ದರು. ತಂಗಿಯಾಗಿ ಹೋದವರು ನಾಯಕಿಯಾದರು. “ಎಷ್ಟೋ ಸಿನಿಮಾದಲ್ಲಿ ಮಳೆಯಲ್ಲಿ ನೆನೆದು ಹಾಡಿದೀನಿ. ಒಂದರಲ್ಲೂ ಟವೆಲ್ ಸರಿಯಾದ ಹೊತ್ತಿಗೆ ಬರಲಿಲ್ಲ.” ಸಿನಿಮಾ ಕಡಿಮೆಯಾದಾಗ ಟೀವಿಗೆ ಬಂದರು, ಮನೆಮನೆ ಹೊಕ್ಕರು. ಎಲ್ಲ ಸೇರಿ ಇಪ್ಪತ್ತೆರಡು ವರ್ಷ. ಕೊನೆಗೆ ಒಬ್ಬ ನಿರ್ಮಾಪಕ ಅಮ್ಮನ ಪಾತ್ರಕ್ಕೆ ಕರೆದ. ಮಗನಾಗಬೇಕಿದ್ದವನು ಮೂರು ವರ್ಷದ ಹಿಂದೆ ಇವರ ಜತೆಯಲ್ಲೇ ಡ್ಯುಯೆಟ್ ಹಾಡಿದವನು. “ಇವನನ್ನ ನಾನು ಯಾವಾಗ ಹೆತ್ತೆ?” ಎಂದು ಕೇಳಿ ಎದ್ದು ಬಂದರಂತೆ. ಅಕೌಂಟೆಂಟ್ ಆಗಿದ್ದ ಗಂಡನಿಗೆ ಅಷ್ಟರಲ್ಲಾಗಲೇ ಆಸ್ಟ್ರೇಲಿಯಾದಲ್ಲಿ ನೆಲೆಸಲು ಪಿಆರ್ ಬಂದಿತ್ತು, ಇವರೇ ಮುಂದೂಡುತ್ತಿದ್ದರು. ಮಾರನೆಯ ದಿನ ಇವರೇ ಹೊರಡೋಣ ಅಂದರು.

“ಹಾಗಾದ್ರೆ ಆಕ್ಟಿಂಗ್ ಬಿಟ್ಟಾಯ್ತು” ಎಂದು, ನನ್ನ ಅಭ್ಯಾಸದಂತೆ, ಅವರ ಕತೆಯನ್ನು ನಾನೇ ಮುಗಿಸಿದೆ.

“ಬಿಟ್ಟದ್ದು ಆ ಪಾತ್ರ. ಕೆಲಸ ಯಾಕೆ ಬಿಡ್ಲಿ?” ಅಂದರು ಆಪಾ.

ಬಾಯಿಮಾತಿಗೆ ಅಂದದ್ದಲ್ಲ. ಹಳೆಯ ದೃಶ್ಯಗಳ ತುಣುಕು ಜೋಡಿಸಿ ಸಿಕ್ಕ ಸಿಕ್ಕ ಏಜೆಂಟ್‌ಗಳಿಗೆಲ್ಲ ಕಳಿಸಿದ್ದರು. ಒಬ್ಬಳು ಷರತ್ತಿನ ಮೇಲೆ ಒಪ್ಪಿದ್ದಳು: ಒಂದು ವರ್ಷದಲ್ಲಿ ಮಾತಿರುವ ಪಾತ್ರ ಒಂದಾದರೂ ಸಿಗಬೇಕು, ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇನೆ. ಸಲ್ವಾರ್ ಹಾಕಿಕೊಂಡು ಹಿಂದೆಲ್ಲೋ ಬಸ್‌ಸ್ಟಾಪಿನಲ್ಲಿ ನಿಲ್ಲುವ ಪಾತ್ರ ಇದರಲ್ಲಿ ಸೇರುವುದಿಲ್ಲ. ಏಜೆಂಟ್ ಕೈಬಿಟ್ಟರೆ ಆಡಿಷನ್‌ಗೆ ಕರೆಯುವವರೇ ಇರುವುದಿಲ್ಲ. ನನಗೆ ಈ ವಿಷಯ ಗೊತ್ತಾದಾಗ ಆ ವರ್ಷದಲ್ಲಿ ಹತ್ತು ತಿಂಗಳು ಉಳಿದಿತ್ತು.

ಮೊದಲ ಆಡಿಷನ್ ಮುಗಿಸಿದ ಮಾರನೆಯ ದಿನ ಅವರು ಸ್ಟಾಫ್ ರೂಮಿನಲ್ಲಿ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬೀಳುವವರೆಗೂ ಹಿಡಿದುಕೊಂಡೇ ಕೂತಿದ್ದರು. ಕೇಳಿದ್ದಕ್ಕೆ ಹೇಳಿದರು. ಎರಡು ಪುಟದ ಸೀನನ್ನು ವಾರ ಮೊದಲೇ ಕಳಿಸಿದ್ದರು. ಇವರು ಅದನ್ನು ಒಮ್ಮೆ ಓದಿ, ಕತೆ ತಿಳಿದುಕೊಂಡು, ಎಲ್ಲಿ ನೋಡಬೇಕು, ಎಲ್ಲಿ ತಿರುಗಬೇಕು ಎಂದೆಲ್ಲ ಯೋಚಿಸಿ ಹೋಗಿದ್ದರು. ಮಾತುಗಳನ್ನು ಬಾಯಿಪಾಠ ಮಾಡಬೇಕೆಂಬುದು ತಲೆಗೇ ಹೊಳೆದಿರಲಿಲ್ಲ. ಢಾಕಾದಲ್ಲಿ ಅವರು ಕೆಲಸ ಮಾಡಿದ ಕಡೆಯೂ ನಮ್ಮ ಹಾಗೆಯೇ, ಮಾತು ಕೆಳಗಿನಿಂದ ಬರುತ್ತಿತ್ತು. ಇಲ್ಲಿ ಕ್ಯಾಮೆರಾ ಮುಂದೆ ನಿಲ್ಲಿಸಿ, ನೀವು ಸಿದ್ಧವಾದಾಗ ಶುರು ಮಾಡಿ ಅಂದರಂತೆ. ಇವರು ಸಿದ್ಧವಾಗಿಯೇ ಇದ್ದರು. ಮಾತು ಬರಲಿ ಎಂದು ಕಾದರು. ಎದುರಿನವರೂ ಕಾದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಆಮೇಲೆ ಎಡಕ್ಕೆ, ಕೆಳಗೆ ನೋಡ್ದೆ. ಅಲ್ಲೊಂದು ಹೀಟರ್ ಇತ್ತು” ಅಂದರು ಆಪಾ.

ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವರು ನಗಲಿಲ್ಲ. ಆಗ ಹೊಳೆಯಿತು, ಆ ಹೀಟರ್ ಇದ್ದದ್ದು ನನ್ನ ಜಾಗದಲ್ಲಿ. ಬೆಂಗಳೂರಿನಲ್ಲಿ ನನ್ನ ದನಿಯ ಮೇಲೆ ಬೆಳೆದ ನಾಯಕಿಯರು ಇಲ್ಲಿಗೆ ಬಂದರೂ ಹೀಗೇ ನಿಲ್ಲುತ್ತಿದ್ದರು. ನಾಚಿಕೆಯಾಯಿತು. ನಾನು ಹಿಂದೆ ಏನು ಕೆಲಸ ಮಾಡಿದವಳು ಎಂದು ಅವರಿಗೆ ಹೇಳಿದ್ದು ಅವತ್ತೇ.

ಆಪಾ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನಿನ್ನನ್ನ ಅಲ್ಲಾನೇ ಕಳಿಸಿದಾನೆ.”

ಮುಂದಿನ ಅವಕಾಶಕ್ಕೆ ಮನೆಯಲ್ಲೇ ಫೋನಿನಲ್ಲಿ ಚಿತ್ರೀಕರಿಸಿ ಕಳಿಸಬೇಕಿತ್ತು, ಸೆಲ್ಫ್ ಟೇಪ್ ಅಂತ. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಅಂದುಕೊಂಡೆವು. ಗಿರಾವೀನ್‌ನಲ್ಲೇ ಇದ್ದ ಅವರ ಯೂನಿಟ್‌ನ ಬಿಳಿ ಗೋಡೆಯ ಮುಂದೆ ಅವರು, ಇಸ್ತ್ರಿ ಬೋರ್ಡಿನ ಮೇಲೆ ಪುಸ್ತಕ ಪೇರಿಸಿ ಅದರ ಮೇಲೆ ಫೋನು, ಫೋನಿನ ಎಡಕ್ಕೆ ಕೆಳಗೆ ನಾನು. ವರ್ಷಗಳ ಮೇಲೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿದಾಗ ಮೊಣಕಾಲು ಲಟಕ್ ಅಂದಿತು, ಆದರೂ ತವರಿಗೆ ಬಂದಷ್ಟು ಖುಷಿಯಾಯಿತು. ಮೊದಲ ಟೇಕಿನಲ್ಲೇ ಸೀನು ಮುಗಿಯಿತು. ಏನು ನಿಲುವು, ಏನು ಕಣ್ಣು! ಅವರು ಯಾಕೆ ಅಷ್ಟು ವರ್ಷ ಉಳಿದರು ಎಂದು ಅವತ್ತು ತಿಳಿಯಿತು. ಫೋನಿನಲ್ಲಿ ಹಾಕಿ ನೋಡಿದರೆ, ಅವರ ಪ್ರತಿ ಸಾಲಿಗಿಂತ ಮೊದಲು ನನ್ನ ದನಿ, ಉಡುಪಿಯ ಇಂಗ್ಲಿಷಿನಲ್ಲಿ. ಇಲ್ಲಿ ಡಬ್ಬಿಂಗ್ ಇಲ್ಲ, ಆಡಿದ್ದೇ ಕೊನೆ. ಪಿಸುಗುಟ್ಟಿದೆ, ಪಿಸುಮಾತೂ ಕೇಳಿಸಿತು. ಕೊನೆಗೆ ಬರೀ ತುಟಿ ಆಡಿಸಿದೆ. ಅವರು ನನ್ನ ತುಟಿ ನೋಡಿ ಹೇಳಿದರು. ಅದನ್ನೇ ಕಳಿಸಿದೆವು.

ಉತ್ತರ ಎರಡೇ ಸಾಲು. ನಟನೆ ಚೆನ್ನಾಗಿದೆ. ಆದರೆ ಬೇರೆ ಯಾರೋ ಹೇಳಿಕೊಟ್ಟದ್ದನ್ನು ಹೇಳುವ ಹಾಗಿದೆ, ಕಣ್ಣು ಇಲ್ಲಿಲ್ಲ.

ಆಪಾ ಅದನ್ನು ಎರಡು ಸಲ ಓದಿ ಫೋನು ಮಗುಚಿಟ್ಟರು. “ಬೋನ್, ಇನ್ನು ನೀನು ಅಲ್ಲಿ ಕೂರಬೇಡ. ನಾನು ಬಾಯಿಪಾಠ ಮಾಡ್ತೀನಿ.”

ನನಗೆ ಸುರ್ರೆಂದು ಏರಿತು. “ಅಂದ್ರೆ ತಪ್ಪು ನನ್ನದಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

“ಇಪ್ಪತ್ತೆರಡು ವರ್ಷ ಕುಣಿದಿದೀನಿ. ನಿಮ್ಮಂಥವರ ಹೆಗಲ ಮೇಲೆ ನಿಂತು ಕುಣಿದೆ. ಈಗ ನೆಲದ ಮೇಲೆ ಕುಣಿದು ನೋಡಬೇಕು.” ಅವರ ದನಿ ಒಂಚೂರೂ ಏರಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಬ್ಯಾಗು ತೆಗೆದುಕೊಂಡು ಎದ್ದು ಬಂದೆ. ಎರಡು ವಾರ ಸ್ಟಾಫ್ ರೂಮಿನಲ್ಲಿ ಬೇರೆ ಬೇರೆ ಮೇಜಿನಲ್ಲಿ ಕೂತು ಉಂಡೆವು. ನಿಜ ಹೇಳಬೇಕೆಂದರೆ ನನಗಾದದ್ದು ಸಿಟ್ಟಲ್ಲ, ನೋವು. ಈ ದೇಶದಲ್ಲಿ ನನ್ನ ವಿದ್ಯೆ ಬೇಕೆಂದು ಕೇಳಿದ ಒಬ್ಬರೇ ಒಬ್ಬರು ಅವರು, ಅವರೂ ಬೇಡ ಅಂದರು.

ಅಷ್ಟರಲ್ಲಿ ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಯಿತು. ವಿಂಡಮ್ ವೇಲ್‌ನಲ್ಲಿ, ಮರಗಳು ಇನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿರುವ ಹೊಸ ಎಸ್ಟೇಟಿನಲ್ಲಿ, ಮಾರ್ಟ್‌ಗೇಜ್ ಮಾಡಿ ಮನೆ ಕೊಂಡೆವು. ಸಿಡ್ನಿಯ ಕೆಲಸದ ಕೊನೆಯ ದಿನ ಆಪಾ ಒಂದು ಡಬ್ಬಿ ಹಿಡಿದು ನನ್ನ ಮೇಜಿಗೆ ಬಂದರು. ಒಳಗೆ ಕಾಯಿಬೆಲ್ಲ ತುಂಬಿದ ಪೀಠಾ, ನಮ್ಮ ಕರ್ಜಿಕಾಯಿಯ ಅಕ್ಕನ ಹಾಗಿತ್ತು.

“ನನ್ನಿಂದ ಆಗ್ತಿಲ್ಲ” ಅಂದರು, ಕೂರದೆಯೇ. “ರಾತ್ರಿ ಹಗಲು ಓದ್ತೀನಿ, ನಿಲ್ಲೋದಿಲ್ಲ. ಕಣ್ಣಿಂದ ಹೋದದ್ದು ಉಳಿಯೋದಿಲ್ಲ, ಕಿವಿಯಿಂದ ಹೋದದ್ದು ಮಾತ್ರ ಉಳಿಯೋದು. ಆರು ತಿಂಗಳಿದೆ. ನೀನೇ ಒಂದು ದಾರಿ ಹೇಳು.”

ಮನೆಮನೆಯ ಟೀವಿಯಲ್ಲಿ ಮೆರೆದ ಹೆಂಗಸು ಏಪ್ರನ್ ಕಟ್ಟಿಕೊಂಡು ನನ್ನ ಮುಂದೆ ನಿಂತು ಕೇಳುತ್ತಿದ್ದರು. ನಾನಾಗಿದ್ದರೆ ಕೇಳುತ್ತಿರಲಿಲ್ಲ, ಹಠ ಹಿಡಿದು ಸೋಲುತ್ತಿದ್ದೆ. ಎರಡು ಪೀಠಾ ತಿಂದೆ. ಮೂರನೆಯದು ತಿನ್ನುವಾಗ ದಾರಿ ಹೊಳೆಯಿತು.

ನನ್ನ ಹೊಸ ಕೆಲಸ ಸಿಟಿಯ ಕಡೆ. ಬೆಳಿಗ್ಗೆ ಫ್ರೀವೇಯಲ್ಲಿ ಪಾಯಿಂಟ್ ಕುಕ್ ದಾಟುವವರೆಗೆ ಕಾರುಗಳು ತೆವಳುತ್ತವೆ. ಅದೇ ಹೊತ್ತಿಗೆ ಅತ್ತ ಆಪಾ ಗಿರಾವೀನ್‌ನ ಬೀದಿಗಳಲ್ಲಿ ಸ್ಟೇಷನ್ನಿಗೆ ನಡೆಯುತ್ತಿದ್ದರು. ಅವರ ಕಿವಿಯಲ್ಲಿ ನಾನು, ನನ್ನ ಕಾರಿನ ಸ್ಪೀಕರಿನಲ್ಲಿ ಅವರು. ಹಿಂದಿನ ರಾತ್ರಿಯೇ ಸಾಲುಗಳನ್ನು ನಾನು ಬಾಯಿಪಾಠ ಮಾಡಿಟ್ಟುಕೊಂಡಿರುತ್ತಿದ್ದೆ. ಮೊದಲ ದಿನ ಇಡೀ ಸಾಲು ಹೇಳಿಕೊಡುತ್ತಿದ್ದೆ. ಎರಡನೆಯ ದಿನ ಕೊನೆಯ ಪದ ನುಂಗಿಬಿಡುತ್ತಿದ್ದೆ, ಅದನ್ನು ಅವರು ಹುಡುಕಬೇಕು. ಮೂರನೆಯ ದಿನ ಅರ್ಧ ಸಾಲು. ಆಮೇಲೆ ಮೊದಲ ಪದ ಮಾತ್ರ. ಆಮೇಲೆ ಮಾತಿಗೆ ಮುಂಚಿನ ಉಸಿರು ಮಾತ್ರ. ಕೊನೆಗೆ ಅದೂ ಇಲ್ಲ. ಮಗುವಿಗೆ ಮೊಲೆ ಬಿಡಿಸುವ ಹಾಗೆ, ದಿನದಿನಕ್ಕೆ ಇಷ್ಟಿಷ್ಟೇ ಕಡಿಮೆ.

ಮೊದಲ ಸೀನಿಗೆ ಮೂರು ವಾರ ಬೇಕಾಯಿತು. ಆಪಾ ಮರೆತು ನಿಂತಾಗ ಬಂಗಾಳಿಯಲ್ಲಿ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು, ದಾರಿಯಲ್ಲಿ ನಾಯಿ ವಾಕಿಂಗ್ ಮಾಡಿಸುವವರು ತಿರುಗಿ ನೋಡುತ್ತಿದ್ದರಂತೆ. ಆದರೆ ಅವರಿಗಿಂತ ಕಷ್ಟ ನನ್ನದು. ಅವರು ತಡವರಿಸಿದರೆ ನನ್ನ ಬಾಯಿ ತಡೆಯುತ್ತಿರಲಿಲ್ಲ. “ನಿಲ್ಲು, ಬರ್ತಿದೆ, ಬರ್ತಿದೆ” ಎಂದು ಅವರು ಕೂಗುವಷ್ಟರಲ್ಲಿ ನಾನು ಹೇಳಿಯಾಗಿರುತ್ತಿತ್ತು. ಒಂದು ದಿನ ಬಾಯಿಗೆ ಬೀಗ ಹಾಕಿಕೊಳ್ಳಲೇಬೇಕೆಂದು ತುಟಿ ಕಚ್ಚಿ ಹಿಡಿದದ್ದರಲ್ಲಿ ನನ್ನ ಎಕ್ಸಿಟ್ ತಪ್ಪಿಹೋಗಿ ಮುಂದಿನ ನದಿಯ ಸೇತುವೆ ದಾಟಿಬಿಟ್ಟೆ. ಕೆಲಸಕ್ಕೆ ಮುಕ್ಕಾಲು ಗಂಟೆ ತಡ.

“ಆಪಾ, ನಿಮ್ಮ ಒಂದು ಸಾಲಿಗೆ ನನ್ನ ಕೆಲಸ ಹೋಗ್ತದೆ ಮಾರಾಯ್ರೆ” ಅಂದೆ, ಅವರಿಗೆ ಅರ್ಥವಾಗದ ಕನ್ನಡದಲ್ಲಿ.

“ಏನಂದೆ?”

“ಎಂತ ಇಲ್ಲ. ಇನ್ನೊಮ್ಮೆ ಮೊದಲಿಂದ.”

ಮೂರನೆಯ ತಿಂಗಳಿಗೆ ಒಂದು ಸೀನು ನಾಲ್ಕು ದಿನಕ್ಕೆ ನಿಲ್ಲತೊಡಗಿತು. ಒಬ್ಬರೇ ಫೋನು ನಿಲ್ಲಿಸಿಕೊಂಡು ಎರಡು ಟೇಪ್ ಕಳಿಸಿದರು. ಎರಡೂ ಆಗಲಿಲ್ಲ. ಆದರೆ ಕಣ್ಣು ಇಲ್ಲಿಲ್ಲ ಎಂದು ಯಾರೂ ಅನ್ನಲಿಲ್ಲ. ಒಂದಕ್ಕೆ ವಯಸ್ಸು ಹೆಚ್ಚಾಯಿತು ಅಂದರು, ಇನ್ನೊಂದಕ್ಕೆ ಉಚ್ಚಾರ ಬೇರೆ ಅಂದರು. “ಅದೆರಡೂ ನನ್ನ ಕೈಯಲ್ಲಿಲ್ಲ. ಕೈಯಲ್ಲಿರೋದನ್ನ ಮಾಡೋಣ, ನಾಳೆ ಬೆಳಿಗ್ಗೆ ಫೋನ್ ಮಾಡು” ಅಂದರು ಆಪಾ. ನನಗೆ ಒಂದು ದಿನ ರಜೆ ಕೊಡಲಿಲ್ಲ.

ವರ್ಷ ಮುಗಿಯಲು ಆರು ವಾರ ಇರುವಾಗ ಮೆಲ್ಬರ್ನ್‌ನಿಂದ ಕರೆ ಬಂತು. ಆಮೇಲೆ ಕಳಿಸಿದ ಮೂರನೆಯ ಟೇಪ್ ನೋಡಿ ಮೆಚ್ಚಿದ್ದಾರೆ, ಎದುರಿಗೆ ಬಂದು ಮಾಡಿ ತೋರಿಸಬೇಕು. ಟೀವಿ ಸರಣಿ. ಪಾತ್ರ ಒಂದು ಸಬರ್ಬ್‌ನಲ್ಲಿ ಬಟ್ಟೆ ಒಗೆದುಕೊಡುವ ಅಂಗಡಿ ಇಟ್ಟುಕೊಂಡ ಹೆಂಗಸು, ಇಬ್ಬರು ದೊಡ್ಡ ಮಕ್ಕಳ ತಾಯಿ. ಅಂಗಡಿ ಖಾಲಿ ಮಾಡಿ ಎಂದು ಹೇಳಲು ಬಂದ ಅಧಿಕಾರಿಯ ಮುಂದೆ ಅವಳು ಮಾತಾಡುವ ದೃಶ್ಯ.

“ಮತ್ತೆ ಅಮ್ಮನ ಪಾತ್ರವಾ?” ಎಂದು ರೇಗಿಸಿದೆ.

“ಈ ಅಮ್ಮನಿಗೆ ಒಂದೂವರೆ ಪುಟ ಮಾತಿದೆ” ಅಂದರು.

ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದರು. ನೀರುದೋಸೆ, ಕೋಳಿಸಾರು ಮಾಡಿದ್ದೆ. ಮಗಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅವರಿಗೆ ಮಾತ್ರ ಹಿಂದಿಯ ಜೀ ಸೇರಿಸಿ “ಆಲ್ ದ ಬೆಸ್ಟ್ ಆಂಟೀಜೀ” ಅಂದಳು. ಊಟದ ಮೇಲೆ ಆಪಾ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡರು.

“ನಾಳೆ ನೀನು ಹೊರಗೆ ಕೂತಿರು. ಒಳಗೆ ನಾನು ಮರೆತು ಸತ್ತರೂ ಬಾಯಿ ತೆಗೀಬೇಡ. ಆಣೆ ಮಾಡು.”

ಆಣೆ ಮಾಡಿದೆ. ಮಾಡುವಾಗ ಮನಸ್ಸಿನಲ್ಲೂ ಹಾಗೇ ಇತ್ತು.

ಮಾರನೆಯ ದಿನ ಸಿಟಿಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನಾನು ಹೊರಗಿನ ಬೆಂಚಿನಲ್ಲಿ, ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತೆ. ಐದು ನಿಮಿಷ ಆಗಿರಬೇಕು, ಆಡಿಷನ್ ನಡೆಸುವಾಕೆ ಬಾಗಿಲು ತೆರೆದು ಹೊರಗೆ ಬಂದಳು. ಎದುರು ಪಾತ್ರದ ಮಾತು ಓದಬೇಕಾದವನು ಫ್ರೀವೇಯಲ್ಲಿ ಯಾವುದೋ ಅಪಘಾತದಿಂದಾಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ತಾನು ಕ್ಯಾಮೆರಾ ಹಿಂದೆ ನಿಲ್ಲಬೇಕು, ನೀವು ಆ ಅಧಿಕಾರಿಯ ಮಾತು ಓದುತ್ತೀರಾ ಎಂದು ಕೇಳಿದಳು. “ಸುಮ್ಮನೆ ಓದಿದರೆ ಸಾಕು, ಆಕ್ಟ್ ಮಾಡಬೇಕಾಗಿಲ್ಲ.”

ಸುಮ್ಮನೆ ಓದುವುದನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಈ ದೇಶದಲ್ಲಿ ಇನ್ನೊಬ್ಬರಿದ್ದರೆ ತೋರಿಸಲಿ. ಒಳಗೆ ಹೋದೆ. ಕ್ಯಾಮೆರಾದ ಪಕ್ಕದಲ್ಲಿ ಒಂದು ಗಿಡ್ಡ ಕುರ್ಚಿ ಹಾಕಿದ್ದರು. ಎಡಕ್ಕೆ. ಆಪಾ ನನ್ನನ್ನು ನೋಡಿ ಒಂದು ಕ್ಷಣ ಹುಬ್ಬೇರಿಸಿದರು, ಆಮೇಲೆ ತಲೆ ಸ್ವಲ್ಪ ಅಲ್ಲಾಡಿಸಿದರು. ಆಣೆ ನೆನಪಿದೆಯಾ ಎಂದು ಕೇಳಿದ ಹಾಗೆ. ನಾನು ಕಣ್ಣು ಮುಚ್ಚಿ ತೆರೆದೆ.

ಸೀನು ಶುರುವಾಯಿತು. ನಾನು ಅಧಿಕಾರಿಯಾಗಿ, ನಿಮಗೆ ಮೂರು ವಾರ ಕಾಲಾವಕಾಶ ಇದೆ ಎಂದು ಓದಿದೆ. ಆಪಾ ಇಂಗ್ಲಿಷಿನಲ್ಲಿ, ತಮ್ಮದೇ ಢಾಕಾದ ಉಚ್ಚಾರದಲ್ಲಿ, ಹನ್ನೊಂದು ವರ್ಷ ಈ ಬೀದಿಯವರ ಅಂಗಿಗಳನ್ನು ಒಗೆದಿದ್ದೇನೆ ಅಂದರು. ಯಾರ ಕಾಲರು ಎಲ್ಲಿ ಸವೆದಿದೆ ಗೊತ್ತು, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಮನೆಯಲ್ಲಿ ಗಂಡ ಬಿಟ್ಟು ಹೋದ, ಎಲ್ಲ ಬಟ್ಟೆ ನೋಡಿಯೇ ಗೊತ್ತು. ಒಂದು ಪದ ಆಚೀಚೆ ಆಗಲಿಲ್ಲ. ಅಷ್ಟು ತಿಂಗಳು ಕಾರಿನ ಸ್ಪೀಕರಿನಲ್ಲಿ ಮುರಿದು ಮುರಿದು ಬಂದ ದನಿ ಇದೇನಾ ಅನ್ನಿಸಿತು. “ಇಷ್ಟೆಲ್ಲ ಆದ ಮೇಲೆ ನೀವು ಬಂದು ಮೂರು ವಾರ ಅನ್ನುತ್ತೀರಿ” ಅಂದರು.

ಅಲ್ಲಿ ನಿಂತರು.

ಮುಂದಿನ ಸಾಲು “ನಾನು ಹೋಗುವುದಿಲ್ಲ.” ಅದು ಬರಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಒಂದು ಉಸಿರು, ಎರಡು ಉಸಿರು. ಮರೆತರು. ಇಷ್ಟು ತಿಂಗಳು ಕಲಿತೂ, ಎಲ್ಲ ಸಾಲುಗಳಲ್ಲಿ ಅತಿ ಚಿಕ್ಕದಾದ ಇದನ್ನೇ ಮರೆತರು. ವರ್ಷದ ಕೊನೆಯ ಅವಕಾಶ ನನ್ನ ಕಣ್ಣೆದುರೇ ಹೋಗುತ್ತಿದೆ ಅನ್ನಿಸಿತು. ಆಣೆ, ಪೀಠಾ, ಫ್ರೀವೇ ಯಾವುದೂ ತಲೆಯಲ್ಲಿ ಉಳಿಯಲಿಲ್ಲ. ನನ್ನ ಬಾಯಿ ತಾನಾಗಿ ತೆರೆದು, ದಿನಸಿ ಚೀಟಿ ಓದುವ ದನಿಯಲ್ಲಿ ಹೇಳಿತು:

“ನಾನು ಹೋಗುವುದಿಲ್ಲ.”

ಹೇಳಿದ ಮೇಲೆ ಗೊತ್ತಾಯಿತು, ಹೇಳಿದೆನೆಂದು. ಕ್ಯಾಮೆರಾ ಹಿಂದಿನ ಹೆಂಗಸು ತಲೆ ಎತ್ತಿದಳು.

ಆಪಾ ಕಣ್ಣು ಕದಲಿಸಲಿಲ್ಲ. ಒಂದು ಹೆಜ್ಜೆ ಮುಂದೆ ಬಂದರು, ನನ್ನ ಕುರ್ಚಿಯ ಹತ್ತಿರಕ್ಕೆ. ಅಂಗಡಿಯ ಹೆಂಗಸಾಗಿಯೇ, ಅದೇ ಇಂಗ್ಲಿಷಿನಲ್ಲಿ ಅಂದರು:

“ನನ್ನ ಮಾತನ್ನು ನೀವು ಆಡಬೇಡಿ. ನಾನು ಆಡುತ್ತೇನೆ.”

ಅದು ಹಾಳೆಯಲ್ಲಿ ಇರಲಿಲ್ಲ.

ಆಮೇಲೆ ಮತ್ತೆ ಸುಮ್ಮನಾದರು. ಈ ಸಲ ಮೊದಲಿಗಿಂತ ಹೆಚ್ಚು ಹೊತ್ತು. ಅವರ ಮುಖದಲ್ಲಿ ಒಂದೊಂದಾಗಿ ಏನೇನೋ ಹಾದುಹೋಯಿತು, ಸಿಟ್ಟು, ದಣಿವು, ಆ ಅಂಗಡಿ, ಇನ್ನೂ ಏನೇನೋ. ಅಷ್ಟನ್ನೂ ನೋಡಲು ನಮಗೆ ಸಮಯ ಕೊಟ್ಟು, ಆಮೇಲೆ ಹೇಳಿದರು, ಹೆಚ್ಚುಕಡಿಮೆ ಪಿಸುಮಾತಿನಲ್ಲಿ.

“ನಾನು ಹೋಗುವುದಿಲ್ಲ.”

ಕೆಳಗೆ ಬಂದು ಕಾರಿನಲ್ಲಿ ಕೂತವಳೇ ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತೆ. ನಾಚಿಕೆ ಬಿಟ್ಟು ಅತ್ತೆ. “ಹಾಳು ಮಾಡಿಬಿಟ್ಟೆ ಆಪಾ. ನೀವು ಮರೆತ್ರಿ ಅಂತ ಹೆದರಿಕೆಯಾಯ್ತು, ಬಾಯಿ ತಡೀಲಿಲ್ಲ.”

“ಮರೆತಿರಲಿಲ್ಲ” ಅಂದರು ಆಪಾ.

“ಮತ್ತೆ?”

“ನಿಲ್ಲಿಸಿದ್ದೆ. ಅವಳು ಅಂಥ ಮಾತು ಹೇಳೋ ಮುಂಚೆ ಯೋಚನೆ ಮಾಡೋದಿಲ್ವಾ?” ಸೀಟ್ ಬೆಲ್ಟ್ ಎಳೆದು ಹಾಕಿಕೊಂಡರು. “ಇಪ್ಪತ್ತೆರಡು ವರ್ಷ ಕ್ಯಾಮೆರಾ ಮುಂದೆ ಇದ್ದೆ, ಬೋನ್. ಒಂದು ಸಲವೂ ನನಗೆ ಸುಮ್ಮನೆ ನಿಲ್ಲೋದಕ್ಕೆ ಬಿಡಲಿಲ್ಲ ನೀವುಗಳು.”

ನನ್ನ ಸೆಟ್‌ನಲ್ಲಿ ಯಾರೂ ತಡವರಿಸಿದ್ದಿಲ್ಲ ಎಂಬ ನನ್ನ ಜಂಭಕ್ಕೆ ಇನ್ನೊಂದು ಮಗ್ಗುಲು ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎಷ್ಟು ಹೆಣ್ಣುಮಕ್ಕಳು ಆ ನೆಲದ ಮೇಲೆ ನಿಂತು, ಒಂದು ಗಳಿಗೆ ಸುಮ್ಮನಿರಬೇಕೆಂದುಕೊಂಡಾಗ ನಾನು ಮುಂದಿನ ಮಾತು ಎಸೆದಿದ್ದೆನೋ. ಆಪಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರು ಸಿಡ್ನಿಗೆ ವಾಪಸು ಹೋದರು. ಬೆಳಿಗ್ಗೆಯ ಫೋನು ನಿಲ್ಲಿಸಿದೆವು, ಕಲಿಯಲು ಸೀನು ಇರಲಿಲ್ಲ. ನಾನು ದಿನಕ್ಕೆ ನಾಲ್ಕು ಸಲ ಏನಾದರೂ ಗೊತ್ತಾಯಿತಾ ಎಂದು ಮೆಸೇಜ್ ಬರೆದು ಅಳಿಸುತ್ತಿದ್ದೆ. ಒಂಬತ್ತನೆಯ ದಿನ, ಶನಿವಾರ, ಪಾತ್ರೆ ತೊಳೆಯುತ್ತಿರುವಾಗ ಫೋನು ಬಂತು. ಒದ್ದೆ ಕೈಯಲ್ಲೇ ಎತ್ತಿದೆ.

“ಬೋನ್” ಅಂದರು ಆಪಾ. ಆಮೇಲೆ ಏನೂ ಇಲ್ಲ.

ನನ್ನ ನಾಲಿಗೆಯ ಮೇಲೆ ಎರಡು ಸಾಲು ಸಿದ್ಧವಾಗಿದ್ದವು. ಒಂದು, ಸಿಕ್ಕಿತಾ. ಇನ್ನೊಂದು, ಹೋಗಲಿ ಬಿಡಿ ಆಪಾ. ಮಗಳು ಓದುತ್ತಿದ್ದ ಪುಸ್ತಕ ಕೆಳಗಿಟ್ಟು ನೋಡಿದಳು. ಗಂಡ ಬಂದು ನಲ್ಲಿ ನಿಲ್ಲಿಸಿದರು. ಅತ್ತ ಕಡೆಯಿಂದ ಆಪಾರ ಉಸಿರು ಕೇಳುತ್ತಿತ್ತು, ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವಂತಿರಲಿಲ್ಲ. ಹಲ್ಲು ಕಚ್ಚಿದೆ. ಸುಮ್ಮನಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಯಾರ ಮಾತಿಗೂ ನಾನು ಕಾದದ್ದಿಲ್ಲ.

ತಮಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು, ಆಮೇಲೆ ಆಪಾ ಹೇಳಿದರು: “ಸಿಕ್ತು.”